ನೆಲ ಬಿಟ್ಟ ಕರೆಂಟು

ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಮೇಜಿಗೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಕಟ್ಟಿಕೊಳ್ಳುವುದು ಅಂಥ ಕಷ್ಟದ ಕೆಲಸವಲ್ಲ. ಒಂದು ಟ್ರಾನ್ಸ್‌ಫಾರ್ಮರ್, ಎರಡು ಫ್ಯೂಸು, ಒಂದು ಸ್ವಿಚ್ಚು, ಒಂದು ಸಾಕೆಟ್ಟು, ಒಂದು ಕಬ್ಬಿಣದ ಡಬ್ಬ. ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿಯನ್ನು ಒಮ್ಮೆ ಸುತ್ತಿ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲವೂ ಚೀಲದೊಳಗಿರುತ್ತವೆ. ಕಷ್ಟ ಶುರುವಾಗುವುದು ಕೊನೆಯಲ್ಲಿ: ಕಟ್ಟಿ ಮುಗಿಸಿದ ಡಬ್ಬದ ಮೇಲೆ ಏನೆಂದು ಬರೆಯುವುದು? ಸುಮ್ಮನೆ ‘ಐಸೊಲೇಟೆಡ್’ ಎಂದು ಬರೆದರೆ ಓದಿದವನು ‘ಸೇಫ್’ ಎಂದು ಅರ್ಥ ಮಾಡಿಕೊಳ್ಳುತ್ತಾನೆ. ಅದು ಸೇಫ್ ಅಲ್ಲ. ಡಬ್ಬದ ಮೇಲಿನ ಬರಹವೂ ಫ್ಯೂಸಿನ ಹಾಗೆಯೇ ಒಂದು ಸುರಕ್ಷಾ ಭಾಗ, ನಾವೀಗ ಬಳಸುತ್ತಿರುವ ಪದಗಳು ಆ ಕೆಲಸ ಮಾಡುತ್ತಿಲ್ಲ ಎನ್ನುವುದು ನನ್ನ ವಾದ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಬರಹವೇ ಎಂದು ನಿಮಗನ್ನಿಸಬಹುದು. ನಮ್ಮ ದೇಶದಲ್ಲಿ ವಿದ್ಯುತ್ ತಗುಲಿ ಸಾಯುವವರ ಸಂಖ್ಯೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವರದಿಗಳಲ್ಲಿ ವರ್ಷಕ್ಕೆ 10,000ಕ್ಕೂ ಮೇಲಿದೆ. ಪಂಪ್‌ಸೆಟ್ಟಿನ ಬಳಿ ಸತ್ತವರು, ಹರಿದು ಬಿದ್ದ ತಂತಿ ತುಳಿದವರು, ಬಟ್ಟೆ ಒಣಗಿಸುವ ಕಂಬಿ ಹಿಡಿದವರು ಎಲ್ಲರೂ ಆ ಲೆಕ್ಕದಲ್ಲಿದ್ದಾರೆ. ಒಂದು ಪದ ಬದಲಾಯಿಸಿ ಇವರೆಲ್ಲರನ್ನೂ ಉಳಿಸಬಹುದು ಎಂದು ನಾನು ಹೇಳುತ್ತಿಲ್ಲ. ಆದರೆ ನಾನು ಅನುವಾದದಿಂದ ಹೊಟ್ಟೆ ಹೊರೆಯುವವಳು. ಯಂತ್ರಗಳ ಕೈಪಿಡಿಗಳು ವಾರಕ್ಕೊಂದಾದರೂ ನನ್ನ ಮುಂದೆ ಬರುತ್ತವೆ. ಬಿಡುವಿನಲ್ಲಿ ಹಳೆ ರೇಡಿಯೊ, ಆಂಪ್ಲಿಫೈಯರ್ ಬಿಚ್ಚಿ ಕೂರುವ ಚಟವೂ ಇದೆ. ಹಾಗಾಗಿ ಈ ಪದದ ಎರಡು ಬದಿಯೂ ನನ್ನ ಮೇಜಿನ ಮೇಲೇ ಇವೆ.

ಮೊದಲು ಈ ಪೆಟ್ಟಿಗೆ ಏನು ಮಾಡುತ್ತದೆ ಎಂದು ನೋಡೋಣ. ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಬರುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಬೀದಿಯ ಟ್ರಾನ್ಸ್‌ಫಾರ್ಮರಿನ ಹತ್ತಿರ, ನಮ್ಮ ರೈತರು ‘ಟಿಸಿ’ ಎನ್ನುತ್ತಾರಲ್ಲ, ಅಲ್ಲಿ ನ್ಯೂಟ್ರಲನ್ನು ನೆಲಕ್ಕೆ ಕಟ್ಟಿರುತ್ತಾರೆ. ಅಂದರೆ ನಾವು ನಿಂತ ನೆಲವೇ ಒಂದು ತಂತಿ. ಫೇಸನ್ನು ಒಂದು ಬೆರಳಿನಿಂದ ಮುಟ್ಟಿದರೆ ಸಾಕು, ಕರೆಂಟು ಮೈಯೊಳಗೆ ಹರಿದು ಕಾಲಿನಿಂದ ನೆಲಕ್ಕಿಳಿದು ಟಿಸಿಗೆ ಮರಳುತ್ತದೆ. ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲ, ಏಕೆಂದರೆ ಅದು ನೆಲ ಮುಟ್ಟಿಲ್ಲ.

ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಈ ನೆಲದ ದಾರಿಯನ್ನು ಕಳಚುತ್ತದೆ. ಒಳಗೆ ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ಬೇರೆ ಬೇರೆ ಸುರುಳಿಗಳು. ಒಂದಕ್ಕೆ 230 ವೋಲ್ಟ್ ಕೊಟ್ಟರೆ ಇನ್ನೊಂದರಲ್ಲೂ 230 ವೋಲ್ಟ್ ಸಿಗುತ್ತದೆ. ಆದರೆ ಇವೆರಡರ ನಡುವೆ ತಾಮ್ರದ ಸಂಪರ್ಕವಿಲ್ಲ, ಕಾಂತಕ್ಷೇತ್ರ ಮಾತ್ರ ಇದೆ. ಎರಡನೆಯ ಸುರುಳಿಯ ಎರಡು ತುದಿಗಳಲ್ಲಿ ಯಾವುದೂ ಫೇಸ್ ಅಲ್ಲ, ಯಾವುದೂ ನ್ಯೂಟ್ರಲ್ ಅಲ್ಲ. ನೆಲದ ಮೇಲೆ ನಿಂತು ಯಾವುದಾದರೂ ಒಂದನ್ನು ಮುಟ್ಟಿದರೆ ಕರೆಂಟಿಗೆ ಮರಳುವ ದಾರಿಯಿಲ್ಲ. ಎರಡು ಸುರುಳಿಗಳು ಒತ್ತಿಕೊಂಡಿರುವುದರಿಂದ ತೀರಾ ಸಣ್ಣ ಸೋರಿಕೆ ಇದ್ದೇ ಇರುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಹೊಳೆದರೂ ಹೊಳೆಯಬಹುದು.

ಇದು ಮೇಜಿಗೆ ಬೇಕೇ ಬೇಕು ಎನ್ನಲು ಕಾರಣ ಇಂದಿನ ಉಪಕರಣಗಳು. ಟಿವಿ, ಚಾರ್ಜರು, ಎಲ್‌ಇಡಿ ಬಲ್ಬು, ಕಂಪ್ಯೂಟರು, ಎಲ್ಲದರ ಒಳಗೂ ಎಸ್‌ಎಂಪಿಎಸ್ ಇದೆ. ಅದರ ಅರ್ಧ ಭಾಗ ನೇರವಾಗಿ ಗೋಡೆಯ ವಿದ್ಯುತ್ತಿಗೆ ಸೇರಿರುತ್ತದೆ. ಆ ಭಾಗವನ್ನು ಆಸಿಲೋಸ್ಕೋಪಿನಲ್ಲಿ ನೋಡಹೊರಟವರು ಒಮ್ಮೆಯಾದರೂ ‘ಢಂ’ ಎನ್ನುವ ಸದ್ದು ಕೇಳಿರುತ್ತಾರೆ. ಸ್ಕೋಪಿನ ಪ್ರೋಬಿಗೆ ಇರುವ ಮೊಸಳೆ ಕ್ಲಿಪ್ಪು ಒಳಗಿನಿಂದ ಗೋಡೆಯ ಅರ್ಥ್‌ಗೆ ನೇರ ಸೇರಿರುತ್ತದೆ. ಎಸ್‌ಎಂಪಿಎಸ್‌ನ ಬಿಸಿ ಬದಿಯ ‘ಗ್ರೌಂಡ್’ ಮಾತ್ರ ನೆಲವಲ್ಲ. ಡಯೋಡುಗಳ ಮೂಲಕ ಅದು ಫೇಸಿಗೂ ಅಂಟಿಕೊಂಡಿರುತ್ತದೆ. ಎರಡನ್ನೂ ಸೇರಿಸಿದರೆ ಫೇಸನ್ನು ನೆಲಕ್ಕೆ ಹೊಡೆದಂತೆ. ಫ್ಯೂಸು, ಡಯೋಡು, ಪ್ರೋಬಿನ ತಂತಿ ಹೋಗುತ್ತವೆ. ಕೆಲವೊಮ್ಮೆ ಸ್ಕೋಪೂ ಹೋಗುತ್ತದೆ.

ಇದಕ್ಕೆ ರಿಪೇರಿಯವರು ಕಂಡುಕೊಂಡಿರುವ ಅಗ್ಗದ ಉಪಾಯವೆಂದರೆ ಸ್ಕೋಪಿನ ಪ್ಲಗ್ಗಿನ ಮೂರನೇ ಪಿನ್ನನ್ನು ತೆಗೆದುಬಿಡುವುದು. ಆಗ ಸದ್ದು ಬರುವುದಿಲ್ಲ ನಿಜ. ಆದರೆ ಸ್ಕೋಪಿನ ಲೋಹದ ಮೈ, ಗುಂಡಿಗಳ ಸುತ್ತಲಿನ ಲೋಹ, ಎಲ್ಲವೂ ಈಗ ಫೇಸಿನ ಮಟ್ಟಕ್ಕೆ ಏರಿರುತ್ತವೆ. ಸರಿಯಾದ ಕ್ರಮ ಇದರ ತಿರುಗುಮುರುಗು: ಸ್ಕೋಪಿನ ಅರ್ಥ್ ಹಾಗೇ ಇರಲಿ, ರಿಪೇರಿಗೆ ಬಂದ ಉಪಕರಣವನ್ನು ನೆಲದಿಂದ ಬಿಡಿಸಿ. ಆ ಬಿಡಿಸುವ ಸಾಧನವೇ ಈ ಪೆಟ್ಟಿಗೆ.

ಕಟ್ಟುವಾಗ ಎದುರಾಗುವ ಮೊದಲ ಬಲೆಯೂ ಪದದ್ದೇ. ಅಂಗಡಿಯಲ್ಲಿ ‘ಟ್ರಾನ್ಸ್‌ಫಾರ್ಮರ್ ಕೊಡಿ’ ಎಂದರೆ ಎರಡು ಬೇರೆ ಜಾತಿಯ ವಸ್ತುಗಳು ಸಿಗಬಹುದು. ಆಟೊ ಟ್ರಾನ್ಸ್‌ಫಾರ್ಮರಿನಲ್ಲಿ ಇರುವುದು ಒಂದೇ ಸುರುಳಿ, ಅದರ ನಡುವಿನಿಂದ ತೆಗೆದ ತಂತಿ. ಕೈಯಲ್ಲಿ ತಿರುಗಿಸಿ ವೋಲ್ಟೇಜ್ ಏರಿಳಿಸುವ ಡಿಮ್ಮರ್‌ಸ್ಟ್ಯಾಟ್ ಈ ಜಾತಿ. ಫ್ರಿಜ್ಜಿನ ಪಕ್ಕ ಕೂರುವ ಸ್ಟೆಬಿಲೈಜರು ಸಾಮಾನ್ಯವಾಗಿ ಇದೇ ಜಾತಿ. ಅಮೆರಿಕದಿಂದ ತಂದ ಮಿಕ್ಸಿಗೆಂದು ಮಾರುವ 110 ವೋಲ್ಟಿನ ಕನ್ವರ್ಟರುಗಳಲ್ಲೂ ಎಷ್ಟೋ ಇದೇ. ಇವು ವೋಲ್ಟೇಜ್ ಬದಲಿಸುತ್ತವೆ, ನೆಲದ ನಂಟು ಕಳಚುವುದಿಲ್ಲ. ಇವುಗಳಲ್ಲಿ ಫೇಸ್ ಫೇಸಾಗಿಯೇ ಹೊರಬರುತ್ತದೆ. ಪರೀಕ್ಷೆ ಸುಲಭ: ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಒಳಬರುವ ತಂತಿಗೂ ಹೊರಹೋಗುವ ತಂತಿಗೂ ಮಲ್ಟಿಮೀಟರ್ ಇಡಿ. ಕೆಲವೇ ಓಮ್ ತೋರಿಸಿದರೆ ಅದು ನಿಮಗೆ ಬೇಕಾದದ್ದಲ್ಲ.

ಸುತ್ತಿಸುವುದಾದರೆ ಲೆಕ್ಕ ಹೀಗೆ. ಮೇಜಿನ ಕೆಲಸಕ್ಕೆ 500 ವಿಎ ಸಾಕು. ಅದಕ್ಕೆ ತಿರುಳಿನ ಅಡ್ಡಕೊಯ್ತ ಸುಮಾರು 25 ಚದರ ಸೆಂಟಿಮೀಟರ್ ಇರಬೇಕು. 50 ಹರ್ಟ್ಸ್‌ನಲ್ಲಿ, ಕಾಂತಸಾಂದ್ರತೆ 1 ಟೆಸ್ಲಾ ಎಂದು ಹಿಡಿದರೆ, 45ನ್ನು ಆ ಅಡ್ಡಕೊಯ್ತದಿಂದ ಭಾಗಿಸಿದರೆ ಒಂದು ವೋಲ್ಟಿಗೆ ಎಷ್ಟು ಸುತ್ತು ಎಂಬುದು ಬರುತ್ತದೆ: 1.8. ಅಂದರೆ 230 ವೋಲ್ಟಿಗೆ 414 ಸುತ್ತು. ಹೊರೆ ಬಿದ್ದಾಗ ವೋಲ್ಟೇಜ್ ಸ್ವಲ್ಪ ಇಳಿಯುವುದರಿಂದ ಎರಡನೆಯ ಸುರುಳಿಗೆ ನೂರಕ್ಕೆ ಐದರಷ್ಟು ಹೆಚ್ಚು ಸೇರಿಸಿ 435 ಸುತ್ತು. ಕರೆಂಟು 2.2 ಆಂಪಿಯರ್ ಒಳಗೇ ಇರುವುದರಿಂದ 19 ಗೇಜಿನ, ಅಂದರೆ ಸುಮಾರು 1 ಮಿಲಿಮೀಟರ್ ದಪ್ಪದ ತಂತಿ ಸಾಕು. ಎರಡು ಸುರುಳಿಗಳನ್ನು ಒಂದರ ಮೇಲೊಂದು ಸುತ್ತುವ ಬದಲು ಬಾಬಿನ್ನಿನ ಎರಡು ಬೇರೆ ಕೋಣೆಗಳಲ್ಲಿ ಅಕ್ಕಪಕ್ಕ ಸುತ್ತಿದರೆ ಸೋರಿಕೆ ಕಡಿಮೆ, ನಾಳೆ ಬಿಸಿಯಾಗಿ ಎನಾಮಲ್ ಕರಗಿದರೂ ಒಂದು ಇನ್ನೊಂದನ್ನು ಮುಟ್ಟುವ ಭಯವೂ ಕಡಿಮೆ. ಸುತ್ತಿ ವಾರ್ನಿಷ್ ಒಣಗಿದ ಮೇಲೆ 500 ವೋಲ್ಟಿನ ಮೆಗ್ಗರ್ ಇಟ್ಟು ಎರಡು ಸುರುಳಿಗಳ ನಡುವಣ ನಿರೋಧ ನೋಡದೆ ಪೆಟ್ಟಿಗೆಗೆ ಹಾಕಬೇಡಿ.

ಕಬ್ಬಿಣದ ತಿರುಳಿಗೂ ಡಬ್ಬದ ಮೈಗೂ ಅರ್ಥ್ ಕೊಡಬೇಕು. ಹೊರಹೋಗುವ ಎರಡು ತಂತಿಗಳಿಗೆ ಮಾತ್ರ ಅರ್ಥ್ ತಾಕಕೂಡದು. ತಾಕಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಹೊರಗಿನ ಸಾಕೆಟ್ಟಿನ ಮೂರನೇ ತೂತಿಗೆ ಅರ್ಥ್ ಕೊಡಬೇಕೇ ಬೇಡವೇ ಎಂಬುದರ ಬಗ್ಗೆ ಕಟ್ಟುವವರಲ್ಲಿ ಎರಡು ಮತವಿದೆ. ಖಾಲಿ ಬಿಡುವುದೇ ಸರಿ ಎಂದು ನನ್ನ ಎಣಿಕೆ. ನೀವು ಯಾವುದನ್ನೇ ಆರಿಸಿ, ಆರಿಸಿದ್ದನ್ನು ಡಬ್ಬದ ಮೇಲೆ ಬರೆಯಿರಿ. ಮುಂದೆ ಆ ಡಬ್ಬ ಯಾರ ಮೇಜಿಗೆ ಹೋಗುತ್ತದೋ ಹೇಳಲಾಗದು.

ಈಗ ಈ ಪೆಟ್ಟಿಗೆ ಏನು ಮಾಡುವುದಿಲ್ಲ ಎಂಬುದು. ಒಂದು ಕೈ ಒಂದು ತಂತಿಯ ಮೇಲೆ, ಇನ್ನೊಂದು ಕೈ ಇನ್ನೊಂದರ ಮೇಲೆ ಬಿದ್ದರೆ 230 ವೋಲ್ಟ್ ಎದೆಯ ಮೂಲಕವೇ ಹೋಗುತ್ತದೆ. ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ತುಂಬಿರುತ್ತದೆ, ಅದರ ಎರಡು ಕಾಲುಗಳಿಗೆ ಈ ಪೆಟ್ಟಿಗೆಯ ಪರಿವೆಯಿಲ್ಲ. ಮನೆಯ ಆರ್‌ಸಿಸಿಬಿ ಹೋಗುವ ಕರೆಂಟಿಗೂ ಬರುವ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಬೀಳುತ್ತದೆ. ಆದರೆ ಪೆಟ್ಟಿಗೆಯ ಆಚೆ ಏನಾದರೂ ಅದಕ್ಕೆ ಕಾಣುವುದು ಮಾಮೂಲಿ ಹೊರೆ ಮಾತ್ರ, ಅದು ಬೀಳುವುದಿಲ್ಲ. ಎರಡು ಉಪಕರಣಗಳನ್ನು ಒಂದೇ ಪೆಟ್ಟಿಗೆಗೆ ಸಿಕ್ಕಿಸಿದರೆ ಒಂದರ ದೋಷ ಇನ್ನೊಂದನ್ನು ಮತ್ತೆ ನೆಲಕ್ಕೆ ಕಟ್ಟಬಹುದು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಇದು: ಸ್ಕೋಪಿನ ಕ್ಲಿಪ್ಪನ್ನು ಬೋರ್ಡಿಗೆ ಹಾಕಿದ ಕ್ಷಣ ನೀವೇ ಆ ಬೋರ್ಡನ್ನು ನೆಲಕ್ಕೆ ಕಟ್ಟಿದಿರಿ. ಈ ಸಲ ‘ಢಂ’ ಎನ್ನುವುದಿಲ್ಲ, ಆದರೆ ಒಂದೇ ಬೆರಳಿನ ಅಪಾಯ ಹಿಂದಿರುಗಿ ಬಂದಿದೆ.

ನಮ್ಮಲ್ಲಿ ಎಲ್ಲ ರಿಪೇರಿ ಅಂಗಡಿಗಳಲ್ಲೂ ಇರುವ ಸೀರೀಸ್ ಬೋರ್ಡಿನ ಕಥೆಯೂ ಹೀಗೆಯೇ. ಉಪಕರಣದೊಂದಿಗೆ ಸಾಲಾಗಿ ಒಂದು 100 ವಾಟಿನ ಬಲ್ಬು; ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ಬೋರ್ಡು ಉಳಿಯುತ್ತದೆ. ಒಳ್ಳೆಯ ಉಪಾಯ. ಆದರೆ ‘ಸೀರೀಸಲ್ಲಿದೆ, ಮುಟ್ಟು, ಏನಾಗಲ್ಲ’ ಎನ್ನುವ ಮಾತು ನಾನೇ ಕೇಳಿದ್ದೇನೆ. 100 ವಾಟಿನ ಬಲ್ಬು 430 ಮಿಲಿ ಆಂಪಿಯರ್ ಬಿಡುತ್ತದೆ. ಆರ್‌ಸಿಸಿಬಿ ಬೀಳುವ 30ರ ಪಕ್ಕ ಅದನ್ನಿಟ್ಟು ನೋಡಿ. ಬಲ್ಬು ಕಾಯುವುದು ಬೋರ್ಡನ್ನು, ಮನುಷ್ಯನನ್ನಲ್ಲ.

ಇನ್ನು ಪದಕ್ಕೆ ಬರೋಣ. ಇಂಗ್ಲಿಷಿನ ‘ಐಸೊಲೇಟ್’ ಬಂದದ್ದು ನಡುಗಡ್ಡೆ ಎಂಬ ಅರ್ಥದ ಲ್ಯಾಟಿನ್ ಪದ ‘ಇನ್ಸುಲಾ’ದಿಂದ. ‘ಇನ್ಸುಲೇಟ್’ ಕೂಡ ಅಲ್ಲಿಂದಲೇ. ವಿದ್ಯುತ್ತಿನ ಕೈಪಿಡಿಗಳಲ್ಲಿ ‘ಐಸೊಲೇಟ್’ಗೆ ಒಂದಕ್ಕೊಂದು ಎದುರು ನಿಲ್ಲುವ ಎರಡು ಅರ್ಥಗಳಿವೆ. ವೈರಿಂಗಿನವರ ಭಾಷೆಯಲ್ಲಿ ಐಸೊಲೇಟರ್ ಎಂದರೆ ಸ್ವಿಚ್ಚು. ‘ಐಸೊಲೇಟ್ ಮಾಡು’ ಎಂದರೆ ಸಂಪರ್ಕ ಪೂರ್ತಿ ಕಡಿ, ತಂತಿ ಸತ್ತಿರಲಿ ಎಂದು. ಎಲೆಕ್ಟ್ರಾನಿಕ್ಸಿನವರ ಭಾಷೆಯಲ್ಲಿ ‘ಐಸೊಲೇಟೆಡ್ ಸಪ್ಲೈ’ ಎಂದರೆ ತಂತಿ ಪೂರ್ತಿ ಜೀವಂತ, ನೆಲದ ನಂಟಷ್ಟೇ ಇಲ್ಲ. ಒಂದರಲ್ಲಿ ಮುಟ್ಟಬಹುದು, ಇನ್ನೊಂದರಲ್ಲಿ ಮುಟ್ಟಿದರೆ ಸಾಯಬಹುದು. ಇಂಗ್ಲಿಷ್ ಓದುವ ಇಂಜಿನಿಯರು ಸಂದರ್ಭ ನೋಡಿ ಬೇರ್ಪಡಿಸಿಕೊಳ್ಳುತ್ತಾನೆ. ಕೈಪಿಡಿಯ ಕನ್ನಡ ಪುಟವನ್ನು ಮಾತ್ರ ನೋಡುವ ಹುಡುಗನಿಗೆ ಆ ಅನುಕೂಲವಿಲ್ಲ.

ನನ್ನ ಕಸುಬು ಇದನ್ನು ಇನ್ನಷ್ಟು ಕೆಡಿಸುತ್ತದೆ. ಇವತ್ತು ಕೈಪಿಡಿಗಳ ಅನುವಾದ ನಡೆಯುವುದು ಪದಗಳನ್ನು ನೆನಪಿಟ್ಟುಕೊಳ್ಳುವ ಸಾಫ್ಟ್‌ವೇರಿನೊಳಗೆ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಎನ್ನುವುದು ಅಲ್ಲಿಯ ಶಿಸ್ತು. ಬೇರೆ ಪದ ಹಾಕಿದರೆ ಕೆಂಪು ಗುರುತು ಬೀಳುತ್ತದೆ, ಗುಣಮಟ್ಟದ ಅಂಕ ಇಳಿಯುತ್ತದೆ. ‘ಐಸೊಲೇಟ್’ ಎದುರು ‘ಪ್ರತ್ಯೇಕಿಸಿ’ ಎಂದು ಒಮ್ಮೆ ಕೂತರೆ ಸ್ವಿಚ್ಚನ್ನೂ ಪ್ರತ್ಯೇಕಿಸಿ, ಟ್ರಾನ್ಸ್‌ಫಾರ್ಮರನ್ನೂ ಪ್ರತ್ಯೇಕಿಸಿ. ‘ಸರ್ವಿಸ್ ಮಾಡುವ ಮುನ್ನ ಘಟಕವನ್ನು ಪ್ರತ್ಯೇಕಿಸಿ’ ಎಂಬ ವಾಕ್ಯ ಓದಿ ಯಾರು ಏನು ಮಾಡಬೇಕು? ಪೆಟ್ಟಿಗೆಯನ್ನು ಪಕ್ಕದ ಕೋಣೆಗೆ ಒಯ್ಯಬೇಕೇ? ಕೋವಿಡ್ಡಿನ ನಂತರ ‘ಐಸೊಲೇಷನ್’ ಎಂದರೆ ಜನಕ್ಕೆ ನೆನಪಾಗುವುದು ಅದೇ.

ಪಾರಿಭಾಷಿಕ ಪದಗಳ ಈ ಜಗಳಕ್ಕೆ ಹೈದರಾಬಾದಿನಲ್ಲಿ ನೂರು ವರ್ಷ ದಾಟಿದೆ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಶುರುವಾದಾಗ ಬೋಧನೆ ಉರ್ದುವಿನಲ್ಲಿ. ಅದಕ್ಕಾಗಿಯೇ 1917ರಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಕಟ್ಟಿದ್ದರು. ವಿಜ್ಞಾನದ ಪಠ್ಯಗಳನ್ನು ಉರ್ದುವಿಗೆ ತರಲು ವಿದ್ವಾಂಸರು ಕೂತು ಒಂದೊಂದು ಪದಕ್ಕೂ ವಾದಿಸಿದರು: ಅರಬ್ಬಿಯಿಂದ ಕಟ್ಟುವುದೇ, ಇಂಗ್ಲಿಷನ್ನು ಹಾಗೇ ಇಡುವುದೇ? ಬೀದರ್, ಗುಲ್ಬರ್ಗಾ, ರಾಯಚೂರು ಆಗ ಇದೇ ಸಂಸ್ಥಾನದಲ್ಲಿದ್ದವು, ಅಲ್ಲಿಂದ ಓದಲು ಬಂದ ಕನ್ನಡದ ಹುಡುಗರೂ ವಿಜ್ಞಾನವನ್ನು ಉರ್ದುವಿನಲ್ಲೇ ಕಲಿಯಬೇಕಿತ್ತು. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಅವರ ಮುಂದೆಯೂ ಅದೇ ಪ್ರಶ್ನೆ, ಉತ್ತರಕ್ಕೆ ಮಾತ್ರ ಸಂಸ್ಕೃತದ ಕಣಜ. ಉಸ್ಮಾನಿಯಾದಲ್ಲಿ 1948ರ ನಂತರ ಬೋಧನಾ ಭಾಷೆ ಬದಲಾಯಿತು, ಆ ಪಠ್ಯಗಳು ತರಗತಿಯಿಂದ ಹೊರಬಿದ್ದವು.

ಎರಡೂ ದೊಡ್ಡ ಕೆಲಸಗಳೇ, ಅವನ್ನು ಹಗುರವಾಗಿ ಕಾಣುವ ಅರ್ಹತೆ ನನಗಿಲ್ಲ. ಆದರೆ ಎರಡು ಕಡೆಯೂ ಪದ ಕಟ್ಟುವ ಶ್ರಮದ ದೊಡ್ಡ ಪಾಲು ನಾಮಪದಗಳಿಗೇ ಹೋಯಿತು. ಭಾಷೆಗಳು ನಾಮಪದವನ್ನು ಸುಲಭವಾಗಿ ಸಾಲ ತರುತ್ತವೆ, ಕ್ರಿಯಾಪದವನ್ನು ಅಷ್ಟು ಸುಲಭವಾಗಿ ತರುವುದಿಲ್ಲ ಎಂಬುದು ಭಾಷಾವಿಜ್ಞಾನದ ಹಳೆಯ ಪಾಠ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಅಂದಿನಿಂದ ಕನ್ನಡದಲ್ಲಿ ಕರೆಂಟು ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ, ಎಳೆಯುತ್ತದೆ. ವಸ್ತುವಿನ ಹೆಸರು ಇಂಗ್ಲಿಷಿನದು, ಅದು ಮಾಡುವ ಕೆಲಸ ಕನ್ನಡದ್ದು. ‘ಅರ್ಥ್ ಕೊಡು’, ‘ಫೇಸ್ ಮುಟ್ಟಬೇಡ’ ಎನ್ನುವ ಮಾತು ಯಾರಿಗೂ ಅನುವಾದ ಅನ್ನಿಸುವುದಿಲ್ಲ. ಕೋಠಿಯ ತೆಲುಗಿನಲ್ಲೂ ದಖನಿಯಲ್ಲೂ ಇದೇ ರೀತಿ.

ಹಾಗಾಗಿ ನನ್ನ ಸಲಹೆ ಇಷ್ಟೇ. ಟ್ರಾನ್ಸ್‌ಫಾರ್ಮರನ್ನು ಪರಿವರ್ತಕ ಮಾಡಲೇಬೇಕೆಂಬ ಹಟ ಬೇಡ. ಐಸೊಲೇಷನ್ನಿನ ಎರಡು ಕೆಲಸಗಳನ್ನು ಮಾತ್ರ ಕನ್ನಡದ ಎರಡು ಕ್ರಿಯೆಗಳಲ್ಲಿ ಬೇರೆ ಬೇರೆ ಹೇಳೋಣ. ಸ್ವಿಚ್ಚಿನದಾದರೆ ‘ಕರೆಂಟು ಕಡಿ’. ಟ್ರಾನ್ಸ್‌ಫಾರ್ಮರಿನದಾದರೆ ‘ನೆಲ ಬಿಡಿಸು’. ಈ ಪೆಟ್ಟಿಗೆ ಕೊಡುವುದು ನೆಲ ಬಿಟ್ಟ ಕರೆಂಟು. ‘ತೇಲುವ ಕರೆಂಟು’ ಎಂದು ಇಂಗ್ಲಿಷಿನ ದಾರಿ ಹಿಡಿಯಬಹುದಿತ್ತು, ಆದರೆ ತೇಲುವುದಕ್ಕೆ ಯಾರೂ ಹೆದರುವುದಿಲ್ಲ. ‘ನೆಲ ಬಿಟ್ಟ’ ಎಂದಾಗ ಬಿಟ್ಟದ್ದು ಏನನ್ನು ಎಂಬುದು ಹೆಸರಿನಲ್ಲೇ ಇದೆ. ನೆಲವನ್ನು ಮಾತ್ರ. ಹಾಗಾದರೆ ಎರಡು ತಂತಿಗಳ ನಡುವೆ? ಅದನ್ನು ಬಿಟ್ಟಿಲ್ಲ. ಕ್ಲಿಪ್ಪು ಹಾಕಿದರೆ? ನೆಲ ಮತ್ತೆ ಸೇರಿತು. ಎಚ್ಚರಿಕೆಗಳು ಹೆಸರಿನಿಂದಲೇ ಹೊರಡುತ್ತವೆ, ಬೇರೆಯಾಗಿ ಬಾಯಿಪಾಠ ಮಾಡಬೇಕಿಲ್ಲ.

‘ಅಂಗಡಿಯವರು ಯಾರೂ ಹೀಗೆ ಹೇಳುವುದಿಲ್ಲ, ನೀವು ಕಟ್ಟಿದ ಪದ ನಿಮ್ಮ ಬರಹದಲ್ಲೇ ಉಳಿಯುತ್ತದೆ’ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅಂಗಡಿಯಲ್ಲಿ ‘ಐಸೊಲೇಷನ್ ಟ್ರಾನ್ಸ್‌ಫಾರ್ಮರ್’ ಎಂದೇ ಕೇಳಿ, ಬೇರೆ ಹೆಸರಿಗೆ ಅದು ಸಿಗುವುದಿಲ್ಲ. ನಾನು ಮಾತಾಡುತ್ತಿರುವುದು ಡಬ್ಬದ ಮೇಲಿನ ಬರಹದ ಬಗ್ಗೆ, ಕೈಪಿಡಿಯ ಎಚ್ಚರಿಕೆಯ ಪುಟದ ಬಗ್ಗೆ, ಐಟಿಐ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವ ಸಾಲಿನ ಬಗ್ಗೆ. ವಸ್ತುವಿನ ಹೆಸರು ಸಾಲದ್ದಾದರೂ ನಡೆಯುತ್ತದೆ. ಎಚ್ಚರಿಕೆ ಮಾತ್ರ ಓದಿದ ಕೂಡಲೇ ಕೈ ಹಿಂದಕ್ಕೆಳೆಯುವಂತಿರಬೇಕು. ಅನುವಾದ ಮಾಡಿಸುವ ಕಂಪನಿಗಳಿಗೂ ಒಂದು ಮಾತು: ಎಚ್ಚರಿಕೆಯ ವಾಕ್ಯಗಳನ್ನಾದರೂ ಒಂದು ಪದಕ್ಕೊಂದು ಪದದ ಶಿಸ್ತಿನಿಂದ ಹೊರಗಿಡಿ, ಅವನ್ನು ಆ ಯಂತ್ರ ಬಳಸುವ ಒಬ್ಬರ ಕೈಯಲ್ಲಿ ಓದಿಸಿ, ಏನು ತಿಳಿಯಿತು ಎಂದು ಕೇಳಿ. ಆ ಅರ್ಧ ಗಂಟೆಯ ಕೂಲಿ ದೊಡ್ಡದಲ್ಲ.

ನನ್ನ ಮೇಜಿನ ಪೆಟ್ಟಿಗೆಯ ಮೇಲೆ ಹೀಗೆ ಬರೆದು ಅಂಟಿಸಿದ್ದೇನೆ. ಬೇಕಾದವರು ಹಾಗೇ ನಕಲು ಮಾಡಿಕೊಳ್ಳಿ, ನಿಮ್ಮ ಸಹಾಯಕರ ಭಾಷೆ ತೆಲುಗೋ ತಮಿಳೋ ಹಿಂದಿಯೋ ಆಗಿದ್ದರೆ ಅದರಲ್ಲೂ ಬರೆಯಿರಿ:

ಈ ಸಾಕೆಟ್ಟಿನ ಕರೆಂಟು ನೆಲ ಬಿಟ್ಟಿದೆ, ಸತ್ತಿಲ್ಲ.
ಎರಡು ತಂತಿ ಒಟ್ಟಿಗೆ ಮುಟ್ಟಿದರೆ ಪ್ರಾಣ ಹೋಗುತ್ತದೆ.
ಸ್ಕೋಪ್ ಕ್ಲಿಪ್ಪು ಹಾಕಿದರೆ ನೆಲ ಮತ್ತೆ ಸೇರುತ್ತದೆ.
ಒಂದು ಸಲಕ್ಕೆ ಒಂದೇ ಉಪಕರಣ. ಆರ್‌ಸಿಸಿಬಿ ಇಲ್ಲಿ ಕಾಯುವುದಿಲ್ಲ.
ಮೂರನೇ ತೂತು ಖಾಲಿ, ಅರ್ಥ್ ಇಲ್ಲ.
ಕೈ ಹಾಕುವ ಮೊದಲು ಪ್ಲಗ್ ಕೀಳು, ಕೆಪಾಸಿಟರ್ ಖಾಲಿ ಮಾಡು.